ಬಕೆಟ್ಟಿನಲ್ಲಿ ಊರಿಗೆ ಬಂದ ಮೀನು

ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿನಿಂದ ಊರಿಗೆ ಎಷ್ಟೋ ಸಲ ಬಂದಿದ್ದೇನೆ. ಸೀಟಿನ ಕೆಳಗೆ ಮೀನಿನ ಬಕೆಟ್ ಇಟ್ಟುಕೊಂಡು ಬಂದದ್ದು ಮಾತ್ರ ಒಂದೇ ಸಲ. ಮುಚ್ಚಳಕ್ಕೆ ತೂತು, ಬ್ಯಾಟರಿಯ ಏರ್ ಪಂಪು, ನೀರಲ್ಲಿ ಒಂದಡಿ ಉದ್ದದ ಸಕ್ಕರ್ ಮೀನು.

ಮೂರು ವರ್ಷದ ಹಿಂದೆ ತಂದಾಗ ಅದು ಬೆರಳುದ್ದ ಇತ್ತು. "ಟ್ಯಾಂಕ್ ಇದೇ ಕ್ಲೀನ್ ಮಾಡುತ್ತೆ ಸರ್" ಅಂದಿದ್ದ ಅಂಗಡಿಯವ. ಫೋನ್ ಕೊಳ್ಳೋಕೆ ಹತ್ತು ರಿವ್ಯೂ ನೋಡುವ ನಾನು, ಜೀವ ಇರೋ ಮೀನಿಗೆ ಒಂದನ್ನೂ ನೋಡಲಿಲ್ಲ. ದಕ್ಷಿಣ ಅಮೆರಿಕ ಮೂಲದ ಈ ಮೀನು ಒಂದೂವರೆ ಅಡಿವರೆಗೂ ಬೆಳೆಯುತ್ತದೆ, ಹತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ನನ್ನ ಟ್ಯಾಂಕ್ ಇದ್ದದ್ದು ಎರಡಡಿ. ಅದು ತಿರುಗೋಕೂ ಒದ್ದಾಡುತ್ತಿತ್ತು.

ಬೆಂಗಳೂರಿನ ಕೊಳಕು ಕೆರೆಗೆ ಬಿಡಲು ಮನಸ್ಸಾಗಲಿಲ್ಲ. ನಮ್ಮ ಮಲಪ್ರಭೆ ಇದೆಯಲ್ಲ ಅಂದುಕೊಂಡೆ. ಧಾರವಾಡದಲ್ಲಿ ಇಳಿದು ಬೈಲಹೊಂಗಲದ ಮನೆಗೆ ಹೋದೆ. ಮರುದಿನ ಕಾಕಾನ ಬೈಕಿನ ಹಿಂದೆ ಬಕೆಟ್ ತಬ್ಬಿಕೊಂಡು ಸವದತ್ತಿ ಕಡೆ ಹೊರಟೆ. ಎರಿ ಹೊಲಗಳ ನಡುವಿನ ದಾರಿ ಮುಗಿದ ಮೇಲೆ ಗುಡ್ಡಗಳು ಬಂದವು. ನವಿಲುತೀರ್ಥದಲ್ಲಿ ಎರಡು ಗುಡ್ಡಗಳ ನಡುವೆ ಅಣೆಕಟ್ಟು, ಅದರ ಹಿಂದೆ ರೇಣುಕಾಸಾಗರದ ನೀರು. ಹಿನ್ನೀರಿನ ದಂಡೆಯಲ್ಲಿ ವಯಸ್ಸಾದ ಒಬ್ಬರು ಬಲೆ ಹೊಲಿಯುತ್ತ ಕೂತಿದ್ದರು.

"ಬಕೆಟ್‌ನ್ಯಾಗ ಏನೈತಿ ತಮ್ಮಾ?"

"ಮೀನ್ರಿ ಅಜ್ಜಾರ. ಬಿಡಾಕ ತಂದೇನ್ರಿ."

ಇಣುಕಿ ನೋಡಿದವರೇ ಮುಚ್ಚಳ ಹಾಕಿಬಿಟ್ಟರು. "ಇದನ್ನ ಬಿಡಬ್ಯಾಡ. ನಮ್ಮ ಬೀಗರ ಊರಿನ ಕೆರ್ಯಾಗ ಇವು ಸೇರ್ಕೊಂಡಾವು. ಬಲಿ ಹರೀತಾವು. ಮಾರಾಕ ಹ್ವಾದ್ರ ಯಾರೂ ತಗೊಳಾಂಗಿಲ್ಲ."

ಒಂದೇ ಮೀನಿನಿಂದ ಏನಾದೀತು ಅನ್ನೋ ವಾದ ಬಾಯಿತನಕ ಬಂತು, ನುಂಗಿಕೊಂಡೆ. ನನ್ನ ಹಾಗೇ ಯೋಚಿಸುವವರು ಇನ್ನೆಷ್ಟು ಜನರೋ! ಸಕ್ಕರ್ ಮೈಮೇಲೆ ಮೂಳೆಯಂಥ ಗಟ್ಟಿ ಕವಚ, ಮುಳ್ಳಿನ ರೆಕ್ಕೆ ಇರುತ್ತವೆ. ಮೊಟ್ಟೆ ಇಡಲು ದಂಡೆಯಲ್ಲಿ ಬಿಲ ತೋಡುತ್ತದೆ, ಅದರಿಂದ ದಂಡೆಯ ಮಣ್ಣು ಕುಸಿಯುತ್ತದೆ. ನೀರಿನಲ್ಲಿ ಆಮ್ಲಜನಕ ಕಡಿಮೆಯಾದರೆ ಮೇಲೆ ಬಂದು ಗಾಳಿ ನುಂಗಿ ಬದುಕುತ್ತದೆ. ಖಾನಾಪುರದ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಕಿತ್ತೂರು ಹತ್ತಿರದ ಎಂ.ಕೆ. ಹುಬ್ಬಳ್ಳಿ ದಾಟಿ ಇಲ್ಲಿಗೆ ಬರುತ್ತದೆ. ಇಲ್ಲಿಂದ ರಾಮದುರ್ಗ ಹಾಯ್ದು ಕೂಡಲಸಂಗಮದಲ್ಲಿ ಕೃಷ್ಣೆ ಸೇರುತ್ತದೆ. ಇಲ್ಲಿ ಬಿಟ್ಟದ್ದು ಇಲ್ಲೇ ಉಳಿಯುತ್ತದೆ ಅನ್ನೋಕಾಗಲ್ಲ.

ಬಕೆಟ್ ಮತ್ತೆ ಬೆಂಗಳೂರಿಗೇ ಬಂತು. ವಾಪಸ್ ತಗೋತೀರಾ ಅಂದರೆ ಅಂಗಡಿಯವ ನಕ್ಕ. ಮೂರು ವಾರ ಅಲ್ಲಿ ಇಲ್ಲಿ ಕೇಳಿದ ಮೇಲೆ, ದೊಡ್ಡ ಟ್ಯಾಂಕ್ ಇರುವ ಒಬ್ಬರು ಒಪ್ಪಿಕೊಂಡರು.

ಈಗ ನನ್ನ ಬಳಿ ಇರೋದು 30 ಲೀಟರಿನ ಟ್ಯಾಂಕ್, ಅದರಲ್ಲಿ ಒಂದೇ ಒಂದು ಫೈಟರ್ ಮೀನು. ಹಾರುತ್ತದೆ ಅಂತ ಮುಚ್ಚಳ ಹಾಕಿದ್ದೇನೆ. ಮೀನು ತರುವ ಮುಂಚೆ ಒಂದು ತಿಂಗಳು ಫಿಲ್ಟರ್ ಓಡಿಸಿ, ಚಿಟಿಕೆ ಆಹಾರ ಹಾಕುತ್ತ ನೀರು ಸಿದ್ಧ ಮಾಡಿದೆ. ಮೀನಿನ ಹೊಲಸಿನಿಂದ ಬರುವ ಅಮೋನಿಯವನ್ನು ಕರಗಿಸುವ ಬ್ಯಾಕ್ಟೀರಿಯಾ ಬೆಳೆಯಲು ಅಷ್ಟು ಸಮಯ ಬೇಕು. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುತ್ತೇನೆ. ಹೊಸ ನೀರಿನ ಕ್ಲೋರಿನ್ ತೆಗೆದೇ ಹಾಕುತ್ತೇನೆ.

ನೀವೂ ಮೀನು ಸಾಕಬೇಕು ಅಂದುಕೊಂಡಿದ್ದರೆ ಅಂಗಡಿಯಲ್ಲಿ ರೇಟ್ ಆಮೇಲೆ ಕೇಳಿ. ಎಷ್ಟು ಉದ್ದ ಬೆಳೆಯುತ್ತೆ, ಎಷ್ಟು ವರ್ಷ ಬದುಕುತ್ತೆ, ಏನು ತಿನ್ನುತ್ತೆ, ಸಾಕೋಕಾಗದಿದ್ದರೆ ವಾಪಸ್ ತಗೋತೀರಾ ಅಂತ ಮೊದಲು ಕೇಳಿ. ಸರಿಯಾದ ಉತ್ತರ ಸಿಗದಿದ್ದರೆ ಬರಿಗೈಲಿ ಮನೆಗೆ ಬನ್ನಿ. ಬಕೆಟ್ ಹೊತ್ತು ಸವದತ್ತಿಗೆ ಹೋಗಿಬರೋದಕ್ಕಿಂತ ಅದು ಸುಲಭ.