ಹಿತ್ತಲಿನ ಬಾಗು ಜಗಲಿ

ದೆಹಲಿಗೆ ಬಂದು ನೆಲೆಸಿದ ಕನ್ನಡಿಗರಿಗೆ ಏನು ಕಡಿಮೆ? ಕಾಫಿಪುಡಿ ಸಿಗುತ್ತದೆ, ರಾಗಿಹಿಟ್ಟು ಸಿಗುತ್ತದೆ, ಸಂಘದ ಕೃಪೆಯಿಂದ ಆಗಾಗ ಕನ್ನಡ ನಾಟಕವೂ ಸಿಗುತ್ತದೆ. ಸಿಗದಿರುವುದು ಜಗಲಿಯೊಂದೇ. ಈ ಕೊರತೆ ಹದಿನೆಂಟು ವರ್ಷ ನಮ್ಮ ಗಮನಕ್ಕೇ ಬಂದಿರಲಿಲ್ಲ. ತಂದುಕೊಟ್ಟವರು ನಮ್ಮ ತಂದೆ.

ಅಮ್ಮ ತೀರಿಕೊಂಡ ಮೇಲೆ ಅಪ್ಪನನ್ನು ಹಾಸನ ಜಿಲ್ಲೆಯ ನಮ್ಮ ಹಳ್ಳಿಯಿಂದ ಕರೆತಂದೆವು. ವಯಸ್ಸು 76. ನಾವು ಬೆಳಿಗ್ಗೆ ಎಂಟಕ್ಕೆ ಕಚೇರಿಗೆ ಹೊರಟರೆ ಮನೆ ಸೇರುವುದು ಸಂಜೆ ಏಳಕ್ಕೆ. ನಮ್ಮಾಕೆಗೆ ಅಡಿಗೆಮನೆ, ಮಕ್ಕಳಿಗೆ ಶಾಲೆ. ಅಪ್ಪ ಕಿಟಕಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಒಂದು ತಿಂಗಳು ಹೀಗೇ ಕಳೆಯಿತು. ಒಂದು ರಾತ್ರಿ ಊಟದ ಹೊತ್ತಿನಲ್ಲಿ ಹೇಳಿದರು:

“ನಿಮ್ಮೂರಲ್ಲಿ ಕೂತ್ರೆ ಕುರ್ಚಿ, ಮಲಗಿದ್ರೆ ಮಂಚ. ಮಧ್ಯದ್ದು ಏನೂ ಇಲ್ವಲ್ಲೋ! ನನಗೆ ಕರ್ನಾಟಕ ಎಕ್ಸ್‌ಪ್ರೆಸ್‌ಗೆ ಒಂದು ಟಿಕೆಟ್ ತೆಗೆಸಿಬಿಡು.”

ನಮಗೆ ಅನ್ನ ಗಂಟಲಲ್ಲೇ ನಿಂತಿತು. ಆ ಮಧ್ಯದ್ದು ಯಾವುದೆಂದು ನಮಗೂ ಗೊತ್ತು, ನಮ್ಮಾಕೆಗೂ ಗೊತ್ತು.

ನಮ್ಮದು ಸರ್ಕಾರಿ ಕ್ವಾರ್ಟರ್ಸು, ನೆಲಮಹಡಿ. ಹಿಂದೆ ಇಪ್ಪತ್ತಡಿ ಚೌಕದ ಹಿತ್ತಲು, ಅದರ ಒಂದು ಮೂಲೆಯಲ್ಲಿ ಬೇವಿನ ಮರ. ಚಳಿಗಾಲದ ಬಿಸಿಲು ಮಧ್ಯಾಹ್ನದವರೆಗೂ ಅಲ್ಲಿ ಬೀಳುತ್ತದೆ. ಅಲ್ಲೊಂದು ಜಗಲಿ ಮಾಡುವುದೆಂದು ನಿಶ್ಚಯಿಸಿದೆವು. ಆದರೆ ಹೇಳಿ ಕೇಳಿ ನಾವು ಗುಮಾಸ್ತರು. ಸರ್ಕಾರಿ ವಸತಿಯಲ್ಲಿ ಅನುಮತಿಯಿಲ್ಲದೆ ಕಟ್ಟಡ ಎಬ್ಬಿಸಬಾರದೆಂಬ ನಿಯಮ ನಮಗೆ ಬಾಯಿಪಾಠ. ಆದ್ದರಿಂದ ಸಿಮೆಂಟಿಲ್ಲ, ಅಗೆತವಿಲ್ಲ, ಗೋಡೆಗೆ ಒಂದು ಮೊಳೆಯೂ ಇಲ್ಲ. ಮರದ ಜಗಲಿ, ಬಿಚ್ಚಿದರೆ ತುಂಡು ತುಂಡಾಗಿ ಟೆಂಪೋ ಹತ್ತಬೇಕು.

ಗೋಡೆಯ ಉದ್ದಕ್ಕೂ ನೇರವಾಗಿ ಹಾಕೋಣವೆಂದು ನಕ್ಷೆ ಬರೆದು ತೋರಿಸಿದೆವು. ಅಪ್ಪ ಕನ್ನಡಕ ಏರಿಸಿ ನೋಡಿದರು. “ಹೀಗೆ ಸಾಲಾಗಿ ಕೂತ್ರೆ ಬಸ್ ಸ್ಟ್ಯಾಂಡ್ ಆಗುತ್ತೆ. ಮಾತಾಡೋರ ಮುಖ ಕಾಣಬೇಡವೇನೋ? ಮರದ ಸುತ್ತ ಬಾಗಿಸು.”

ಬಾಗಿಸುವುದೆಂದರೆ ಸುಲಭವೇ! ಆದರೂ ನಾವು ಬಿ.ಎಸ್ಸಿ. ಪದವೀಧರರು. ಮಗಳ ಗ್ರಾಫ್ ಪುಸ್ತಕದಲ್ಲಿ ಲೆಕ್ಕ ಹಾಕಿದೆವು. ಮರವೇ ಕೇಂದ್ರ. ಒಳಗಿನ ಅಂಚಿಗೆ ತ್ರಿಜ್ಯ 5 ಅಡಿ, ಹೊರಗಿನದಕ್ಕೆ 9 ಅಡಿ. ನಡುವೆ ಉಳಿಯುವ 4 ಅಡಿ ಅಗಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂರಬಹುದು, ಬೇಕೆಂದರೆ ಅಡ್ಡಾಗಲೂಬಹುದು. ಕಾಲು ವೃತ್ತದಷ್ಟು ಜಗಲಿಯಾದರೆ ಹೊರ ಅಂಚು ಸುಮಾರು 14 ಅಡಿ, ಒಳ ಅಂಚು 8 ಅಡಿಗೆ ಸ್ವಲ್ಪ ಕಡಿಮೆ.

ಭಾನುವಾರ ಮರಕ್ಕೆ ಹಗ್ಗ ಬಿಗಿದು, ತುದಿಗೆ ಸುಣ್ಣದ ಕಡ್ಡಿ ಕಟ್ಟಿ, ಗೆರೆ ಎಳೆಯುತ್ತ ಹೊರಟೆವು. ಗೆರೆ ಮುಗಿದಾಗ ನೋಡಿದರೆ ಆರಂಭದಲ್ಲಿದ್ದ ದೂರ ಕೊನೆಯಲ್ಲಿಲ್ಲ. ಒಂದಡಿಗೂ ಮಿಕ್ಕಿ ಕಡಿಮೆ! ಎರಡನೇ ಸಲವೂ ಅಷ್ಟೇ. ಮಕ್ಕಳು ನಕ್ಕರು. ಅಪ್ಪ ಕುರ್ಚಿಯಿಂದ ಎದ್ದು ಬಂದರು.

“ಕಣದಲ್ಲಿ ಮೇಟಿಗೆ ಎತ್ತಿನ ಹಗ್ಗವನ್ನು ಹೀಗೆ ಬಿಗೀತಾರೇನೋ? ಎತ್ತು ತಿರುಗಿದಂತೆ ಹಗ್ಗ ಸುತ್ತಿಕೊಂಡು ಗಿಡ್ಡ ಆಗುತ್ತೆ. ಸಡಿಲವಾಗಿ ಬಳೆ ಮಾಡಿ ಹಾಕು. ಎತ್ತಿನ ಜೊತೆ ಅದೂ ತಿರುಗಲಿ.”

ಆಗ ಹೊಳೆಯಿತು. ಗಂಟು ಕಾಂಡದ ಪಕ್ಕಕ್ಕೆ ಬಿದ್ದಿತ್ತು. ಒಂದೂವರೆ ಅಡಿ ದಪ್ಪದ ಕಾಂಡ ಕಾಲು ಸುತ್ತಿಗೆ 14 ಇಂಚು ಹಗ್ಗ ನುಂಗಿತ್ತು. ಹೀಗೆ ಮೂಡುವ ಗೆರೆಗೆ ಇನ್ವೊಲ್ಯೂಟ್ ಎಂಬ ಹೆಸರನ್ನು ಕಾಲೇಜಿನಲ್ಲಿ ಓದಿ ಅಂಕವನ್ನೂ ಪಡೆದಿದ್ದೆವು. ಆದರೆ ಅದನ್ನು ಹಿತ್ತಲಲ್ಲಿ ಗುರುತಿಸಿದವರು ನಾಲ್ಕನೇ ತರಗತಿ ಓದಿದ ಅಪ್ಪ. ಅಂದಿನಿಂದ ಅವರು ಕುರ್ಚಿಗೆ ಹಿಂತಿರುಗಲಿಲ್ಲ.

ಕೀರ್ತಿನಗರದ ಮರದ ಮಾರುಕಟ್ಟೆಯಿಂದ ಹಳೆಯ ಸಾಲ್ ಮರದ ತೊಲೆಗಳನ್ನೂ ದೇವದಾರು ಹಲಗೆಗಳನ್ನೂ ತಂದೆವು. ಸಾಲ್ ಭಾರ ಹೆಚ್ಚು, ಗೆದ್ದಲಿಗೆ ಬೇಗ ಬಗ್ಗುವುದಿಲ್ಲ. ಗಾರೆಯಿಲ್ಲದೆ ಪೇರಿಸಿದ ಇಟ್ಟಿಗೆಗಳ ಮೇಲೆ ಏಳು ತೊಲೆಗಳನ್ನು ಬಂಡಿಗಾಲಿಯ ಅರೆಗಳ ಹಾಗೆ ಮರದ ಕಡೆಗೆ ಮುಖಮಾಡಿ ಕೂರಿಸಿ, ರಸಮಟ್ಟ ಹಿಡಿದು ಸಮ ಮಾಡಿದೆವು. ನಡುವೆ ಆರು ಅಂಕಣ. ಪ್ರತಿ ಅಂಕಣಕ್ಕೆ 15 ಡಿಗ್ರಿ. ಹಲಗೆಗಳೆಲ್ಲ ನೇರವೇ, ಎರಡು ತುದಿಗಳನ್ನೂ ಏಳೂವರೆ ಡಿಗ್ರಿ ಓರೆಯಾಗಿ ಕೊಯ್ದರೆ ಒಂದಕ್ಕೊಂದು ಕೂಡಿ ತಾವೇ ಬಾಗುತ್ತವೆ. ಬಡಗಿ ಮಿಸ್ತ್ರಿಯವರು ಕಣ್ಣಳತೆಯಲ್ಲೇ ಕೊಯ್ಯಲು ಹೊರಟರು. ತಡೆದೆವು. ಒಂದು ಕೊಯ್ತದಲ್ಲಿ ಅರ್ಧ ಡಿಗ್ರಿ ತಪ್ಪಿದರೆ ಹನ್ನೆರಡರಲ್ಲಿ ಆರು ಡಿಗ್ರಿ. ಹೊರ ಅಂಚಿನಲ್ಲಿ ಮುಕ್ಕಾಲು ಅಡಿಗೂ ಹೆಚ್ಚು ಬಿರುಕು! ರಟ್ಟಿನಲ್ಲಿ ಓರೆಯ ಅಚ್ಚೊಂದನ್ನು ಕತ್ತರಿಸಿ ಅವರ ಕೈಗೆ ಕೊಟ್ಟೆವು. ಹೊರಗಿನ ಹಲಗೆಗಳನ್ನು ಒಂದಿಂಚು ಅಗಲವಾಗಿ ಬಿಟ್ಟು, ಕಡೆಗೆ ಅಪ್ಪನ ಹಗ್ಗದಿಂದ ಗೆರೆ ಎಳೆದು ದುಂಡಗೆ ಕೊಯ್ದೆವು. ಮಳೆನೀರು ಇಳಿಯಲು ಹಲಗೆಗಳ ನಡುವೆ ಪೆನ್ಸಿಲ್ ದಪ್ಪದ ಸಂದು. ಬಿಚ್ಚಲು ಅನುಕೂಲವಾಗಲೆಂದು ಮೊಳೆಯ ಬದಲು ಸ್ಕ್ರೂ. ಮೇಲೆ ಅಗಸೆ ಎಣ್ಣೆ ಎರಡು ಸಲ. ಐದು ಭಾನುವಾರ ಹಿಡಿಯಿತು.

ಯುಗಾದಿಯ ದಿನ ಅದೇ ಮರದ ಬೇವು ಕಿತ್ತು, ಜಗಲಿಯ ಮೇಲೆ ಕೂತು ಬೇವುಬೆಲ್ಲ ತಿಂದೆವು. ಅಷ್ಟರಲ್ಲಿ ಮೇಲಿನ ಮಹಡಿಯ ಪಂಜಾಬಿ ಹಿರಿಯರೂ ಪಕ್ಕದ ಮನೆಯ ಒಡಿಯಾ ಅಜ್ಜನೂ ಅಪ್ಪನಿಗೆ ಜೊತೆಯಾಗಿದ್ದರು. ಅಪ್ಪನಿಗೆ ಹಿಂದಿ ಬಾರದು. ಅವರಿಬ್ಬರಿಗೆ ಕನ್ನಡ ಬಾರದು. ಬಾಗು ಜಗಲಿಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣುವುದರಿಂದ ಅರ್ಧ ಮಾತು ಮುಖದಲ್ಲೇ ನಡೆಯುತ್ತಿತ್ತು. ಮೂವರೂ ಹೆಂಡತಿಯನ್ನು ಕಳೆದುಕೊಂಡವರೆಂಬುದು ಅಪ್ಪನಿಂದಲೇ ನಮಗೆ ತಿಳಿಯಿತು. ಹದಿನೆಂಟು ವರ್ಷದ ನೆರೆಯವರು, ನಮಗೆ ಗೊತ್ತಿರಲಿಲ್ಲ!

ಅಪ್ಪ ನಿಂತರೆ ಎಂದು ಕೇಳುತ್ತೀರಾ? ಇಲ್ಲ. ಮುಂಗಾರಿಗೆ ಮುಂಚೆ ಊರಿಗೆ ಹೋಗಲೇಬೇಕೆಂದರು, ಹೋದರು. ಹೊರಡುವ ಹಿಂದಿನ ದಿನ ಜಗಲಿಯ ಕೆಳಗೆ ಬಗ್ಗಿ ಏನೋ ಮಾಡುತ್ತಿದ್ದರು. ಆಮೇಲೆ ನೋಡಿದರೆ ಪ್ರತಿ ಅಂಕಣದ ಅಡಿಯಲ್ಲೂ ಕನ್ನಡ ಅಂಕಿಯಲ್ಲಿ ೧ರಿಂದ ೬ರವರೆಗೆ ಬರೆದಿದ್ದಾರೆ. ಮತ್ತೆ ಜೋಡಿಸುವಾಗ ತಪ್ಪಬಾರದಲ್ಲ.

ಹೋದ ವಾರ ಫೋನು ಮಾಡಿದ್ದರು. “ಹಿತ್ತಲ ಹೊಂಗೆ ಮರದ ಸುತ್ತ ಅಳೆದೆ ಕಣೋ. ಒಂಬತ್ತಡಿ ಜಾಗ ಸರಿಯಾಗಿದೆ. ಪೆನ್ಷನ್ ಆದಮೇಲೆ ತಂದುಬಿಡು.”

ನಮ್ಮ ನಿವೃತ್ತಿಗೆ ಇನ್ನು 14 ವರ್ಷ. ಆಗ ಅಪ್ಪನಿಗೆ ಎಷ್ಟಾಗುತ್ತದೆಂಬುದು ಸಣ್ಣ ಸಂಕಲನ; ಮಾಡಲು ಮನಸ್ಸು ಬರಲಿಲ್ಲ. ಈ ದಸರೆಗೆ ಎಲ್ಲರೂ ಊರಿಗೆ ಹೊರಟಿದ್ದೇವೆ. ಇಲ್ಲಿಯ ಜಗಲಿ ಇಲ್ಲಿಯ ಇಬ್ಬರು ಮುದುಕರಿಗಿರಲಿ. ನಾವು ಒಯ್ಯುತ್ತಿರುವುದು ಆ ಹಗ್ಗ ಮತ್ತು ಏಳೂವರೆ ಡಿಗ್ರಿಯ ರಟ್ಟು, ಅಷ್ಟೇ. ಮರ ಊರಲ್ಲೇ ಸಿಗುತ್ತದೆ.