ಹುಲಿಯಿಲ್ಲದ ಕಸುಬು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹಳೇ ಮನೆಗಳ ಗೋಡೆಯಲ್ಲಿ ಕಡವೆ ಕೊಂಬು, ಕಾಟಿ ತಲೆ ಕಾಣುವುದು ಹೊಸದಲ್ಲ. ಹಾಗೆಂದು ಸತ್ತ ಪ್ರಾಣಿಯ ಚರ್ಮ ಹದ ಮಾಡಿ ಜೀವವಿದ್ದಂತೆ ನಿಲ್ಲಿಸುವ ಟ್ಯಾಕ್ಸಿಡರ್ಮಿಯನ್ನೇ ಪೂರ್ಣಾವಧಿ ಕಸುಬು ಮಾಡಿಕೊಂಡು ಇಲ್ಲಿ ಬದುಕಬಹುದೇ? ಮೈಸೂರಿನ ವ್ಯಾನ್ ಇಂಗೆನ್ ಕಂಪನಿಯ ಕತೆ ನೋಡಿದರೆ ಕಷ್ಟ. 1900ರ ಸುಮಾರಿಗೆ ಶುರುವಾಗಿ, ಹುಲಿ ಚಿರತೆಗಳನ್ನೇ 40,000ಕ್ಕೂ ಹೆಚ್ಚು ಹದ ಮಾಡಿದ ಆ ಕಾರ್ಖಾನೆ 1999ರಲ್ಲಿ ಬಾಗಿಲು ಹಾಕಿತು. ಕೈಚಳಕಕ್ಕೇನೂ ಕೊರತೆಯಿರಲಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿಯ ಮಾಲೇ ನಿಂತಿತು. ನಿಲ್ಲಬೇಕಾದ್ದೇ, ಬಿಡಿ.

ಮುಂಬೈನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ 2009ರಿಂದ ಟ್ಯಾಕ್ಸಿಡರ್ಮಿ ಕೇಂದ್ರವಿದೆಯಲ್ಲ ಎನ್ನಬಹುದು. ಅದು ಸತ್ತ ವನ್ಯಪ್ರಾಣಿಗಳನ್ನು ಕಲಿಕೆಗೆಂದು ಉಳಿಸುವ ಸರ್ಕಾರಿ ಕೆಲಸ, ಗಿರಾಕಿಯ ಜಗಲಿಗಲ್ಲ. ಘಾಟಿಯ ರಸ್ತೆಯಲ್ಲಿ ಸತ್ತುಬಿದ್ದ ಕಡವೆಯೂ ಕಾನೂನಿನಂತೆ ಸರ್ಕಾರದ ಸೊತ್ತೇ. ಸಾಕುನಾಯಿಗೋ ಹುಂಜಕ್ಕೋ ಈ ಕಾಯ್ದೆಯ ತಡೆಯಿಲ್ಲ, ನಿಜ. ಆದರೆ ಸತ್ತ ನಾಯಿಯನ್ನು ತೋಟದ ಮೂಲೆಯಲ್ಲಿ ಹೂಳುವ ಊರಲ್ಲಿ ಅದಕ್ಕೆ ದುಡ್ಡು ಕೊಡುವವರೆಷ್ಟು? ಉಳಿದದ್ದು ಹಳೆಯ ಟ್ರೋಫಿಗಳ ರಿಪೇರಿ. ಮಲೆನಾಡಿನ ಮಳೆಗಾಲದ ಬೂಷ್ಟು ಅದಕ್ಕೆ ಕೆಲಸವನ್ನೇನೋ ಕೊಡುತ್ತದೆ, ಆದರೆ ಮನೆಯವರ ಬಳಿ ಮಾಲೀಕತ್ವದ ಪ್ರಮಾಣಪತ್ರ ಇರಬೇಕು, ಮಾಡುವವನ ಬಳಿ ಪರವಾನಗಿ. ಮೂರು ತಾಲ್ಲೂಕು ಸುತ್ತಿದರೂ ಅಡಿಕೆ ತೋಟದ ಜೊತೆಗೊಂದು ಉಪಕಸುಬಾದೀತು, ಅಷ್ಟೆ.