ಹಿಮದ ಬೆನ್ನಲ್ಲೇ ಅರಳುವ ಹೂವು

ಕೆನಡಾ ದೇಶದ ಮ್ಯಾನಿಟೋಬಾ ಪ್ರಾಂತ್ಯದಲ್ಲಿ ಚಳಿಗಾಲ ದೀರ್ಘವಾದುದು. ತಿಂಗಳುಗಟ್ಟಲೆ ನೆಲ ಹಿಮದಡಿಯಲ್ಲಿ ಹೆಪ್ಪುಗಟ್ಟಿರುತ್ತದೆ. ಏಪ್ರಿಲ್ ತಿಂಗಳ ಹೊತ್ತಿಗೆ, ಬಿಸಿಲು ನೇರವಾಗಿ ಬೀಳುವ ದಕ್ಷಿಣದ ಇಳಿಜಾರುಗಳಲ್ಲಿ ಹಿಮ ಮೊದಲು ಕರಗುತ್ತದೆ. ಕಾರ್ಬೆರಿ ಊರಿನ ಸಮೀಪದ ಮರಳುದಿಬ್ಬಗಳಲ್ಲಿ ಹೊಸ ಹುಲ್ಲು ಇನ್ನೂ ಚಿಗುರಿರುವುದಿಲ್ಲ. ಕಳೆದ ವರ್ಷದ ಒಣಹುಲ್ಲಿನ ನಡುವೆ ತಿಳಿನೇರಳೆ ಬಣ್ಣದ ಪುಟ್ಟ ಬಟ್ಟಲುಗಳು ತಲೆಯೆತ್ತುತ್ತವೆ. ಅದೇ ಹುಲ್ಲುಗಾವಲಿನ ಅನಿಮೋನ್.

ಯುರೋಪಿನಿಂದ ಬಂದು ನೆಲೆಸಿದವರು ಇದನ್ನು ಕಂಡು ತಮ್ಮ ನಾಡಿನ ಕ್ರೋಕಸ್ ಹೂವೆಂದು ಕರೆದರು. ಆ ಹೆಸರೇ ಉಳಿಯಿತು. ಆದರೆ ನಿಜವಾದ ಕ್ರೋಕಸ್ ನಾವು ಹಾಲಿಗೆ ಹಾಕುವ ಕೇಸರಿಯ ಕುಲದ್ದು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಸಸ್ಯಶಾಸ್ತ್ರಜ್ಞರು ಇದನ್ನು ಪಲ್ಸಟಿಲ್ಲ ಪೇಟೆನ್ಸ್ ಎನ್ನುತ್ತಾರೆ. ಅನಿಮೋನ್ ಕುಲದಲ್ಲಿಯೇ ಸೇರಿಸುವವರೂ ಇದ್ದಾರೆ. ದಕ್ಷಿಣ ಡಕೋಟ ರಾಜ್ಯವು 1903ರಲ್ಲಿಯೂ ಮ್ಯಾನಿಟೋಬಾ 1906ರಲ್ಲಿಯೂ ಇದನ್ನು ತಮ್ಮ ಲಾಂಛನಪುಷ್ಪವನ್ನಾಗಿ ಸ್ವೀಕರಿಸಿದವು.

ಈ ಹೂವಿಗೆ ದಳಗಳಿಲ್ಲ. ದಳಗಳಂತೆ ಕಾಣುವವು ಬಣ್ಣ ತಳೆದ ಪುಷ್ಪಪತ್ರಗಳು, ಸಾಮಾನ್ಯವಾಗಿ ಆರು. ನಡುವೆ ಹಳದಿ ಕೇಸರಗಳ ದಟ್ಟ ಗುಂಪು. ಕಾಂಡ, ಎಲೆ, ಮೊಗ್ಗುಗಳನ್ನೆಲ್ಲ ರೇಷ್ಮೆಯಂಥ ಬಿಳಿ ರೋಮಗಳು ಕಂಬಳಿಯಂತೆ ಹೊದ್ದಿಸಿ ಚಳಿಗಾಳಿಯನ್ನು ತಡೆಯುತ್ತವೆ. ಬಿಸಿಲಿದ್ದಾಗ ಬಟ್ಟಲು ತೆರೆದುಕೊಂಡು ಬೆಚ್ಚಗಾಗುತ್ತದೆ; ಪರಾಗ ಅರಸಿ ಬರುವ ಜೇನ್ನೊಣಗಳಿಗೆ ಅಲ್ಲಿ ಬಿಸುಪೂ ದೊರೆಯುತ್ತದೆ. ಸಂಜೆಗೆ ಮತ್ತೆ ಮುಚ್ಚಿಕೊಳ್ಳುತ್ತದೆ. ನುಣ್ಣಗೆ ಸೀಳಿದ ಎಲೆಗಳು ಪೂರ್ತಿ ಬಿಚ್ಚಿಕೊಳ್ಳುವುದು ಹೂವರಳಿದ ಮೇಲೆಯೇ. ಆಮೇಲೆ ಕಾಂಡ ಉದ್ದವಾಗಿ ಬೆಳೆದು, ಗರಿಯಂಥ ಬಾಲವುಳ್ಳ ಬೀಜಗಳನ್ನು ಗಾಳಿಗೆ ಒಪ್ಪಿಸುತ್ತದೆ. ಗಿಡದ ರಸ ವಿಷಕಾರಿ. ಮುಟ್ಟಿದರೆ ಚರ್ಮ ಉರಿಯಬಹುದು.

ಇಷ್ಟೆಲ್ಲ ಸಹಿಸುವ ಗಿಡ ನೇಗಿಲಿಗೆ ಮಾತ್ರ ಸೋಲುತ್ತದೆ. ಇದರ ಬಲವೆಲ್ಲ ಆಳಕ್ಕಿಳಿದ ದಪ್ಪ ತಾಯಿಬೇರಿನಲ್ಲಿದೆ. ಕಾಳ್ಗಿಚ್ಚು ಹಾದುಹೋದರೂ, ದನಗಳು ಸುತ್ತಲ ಹುಲ್ಲು ಮೇಯ್ದರೂ ಬೇರು ಉಳಿಯುತ್ತದೆ. ಒಣಹುಲ್ಲಿನ ದಪ್ಪ ಹೊದಿಕೆ ಹೋಗಿ ಬಿಸಿಲು ನೆಲಕ್ಕೆ ತಲುಪುವುದರಿಂದ ಗಿಡಕ್ಕೆ ಅನುಕೂಲವೇ ಆಗುತ್ತದೆ. ಆದರೆ ಉತ್ತ ನೆಲಕ್ಕೆ ಇದು ಸುಲಭವಾಗಿ ಮರಳುವುದಿಲ್ಲ. ಆದುದರಿಂದ ಈ ಹೂವು ದಟ್ಟವಾಗಿ ಅರಳಿದ ನೆಲವೆಂದರೆ ಬಹುಮಟ್ಟಿಗೆ ನೇಗಿಲು ಕಾಣದ ನೆಲವೆಂದೇ ಅರ್ಥ. ಅಂಥ ನೆಲ ಈಗ ಅಪರೂಪ. ಮ್ಯಾನಿಟೋಬಾದ ಎತ್ತರದ ಹುಲ್ಲಿನ ಗಾವಲಿನಲ್ಲಿ ಉಳಿದಿರುವುದು ಶೇಕಡಾ ಒಂದಕ್ಕಿಂತಲೂ ಕಡಿಮೆ. ಮಿಕ್ಕದ್ದು ಬಹುಪಾಲು ಗೋಧಿ ಮೊದಲಾದ ಬೆಳೆಗಳ ಹೊಲವಾಗಿದೆ.

ಈ ಹೂವಿನ ಬಂಧುವೊಂದು ನೀಲಗಿರಿಯಲ್ಲಿದೆ. ಎತ್ತರದ ಹುಲ್ಲುಗಾವಲಿನ ತೇವದ ನೆಲದಲ್ಲಿಯೂ ತೊರೆಗಳ ಅಂಚಿನಲ್ಲಿಯೂ ಅರಳುವ ಅದರ ಹೆಸರು ಅನಿಮೋನ್ ರಿವ್ಯುಲಾರಿಸ್. ಬಣ್ಣ ಬಿಳಿ, ಹೊರಮೈಯಲ್ಲಿ ನಸುನೀಲಿಯ ಛಾಯೆ. ಅದರ ನೆಲೆಯೂ ಕುಗ್ಗಿದೆ. ಅಲ್ಲಿನ ಹುಲ್ಲುಗಾವಲನ್ನು ಬಹಳಷ್ಟು ಆವರಿಸಿದ್ದು ಹೊರಗಿನಿಂದ ತಂದು ನೆಟ್ಟ ನೀಲಗಿರಿ ಮರ ಮತ್ತು ವ್ಯಾಟಲ್ ಮರ. ಮರವಿಲ್ಲದ ನೆಲವನ್ನು ಬರಿದೆಂದು ಎಣಿಸಿದ್ದು ಎರಡು ಕಡೆಯೂ ಒಂದೇ. ಹುಲ್ಲಿನ ನೆಲ ಪಾಳುನೆಲವಲ್ಲ ಎಂಬುದನ್ನು ಎರಡು ಖಂಡಗಳ ಈ ಬಂಧುಗಳು ಪ್ರತಿವರ್ಷವೂ ಅರಳಿ ತೋರಿಸುತ್ತಿವೆ.